ಬೆಸುಗೆ ನಿಲ್ಲಬೇಕಾದರೆ ಕಿಲುಬು ಹೋಗಬೇಕು

ಟಾರ್ಚು ಹತ್ತುತ್ತಿಲ್ಲ. ಸೆಲ್ಲು ಹೊಸದು. ಬಲ್ಬೂ ಸರಿ ಇದೆ. ಮತ್ತೆ ಯಾಕೆ ಹತ್ತುತ್ತಿಲ್ಲ?

ಬಿಚ್ಚಿ ನೋಡಿ. ಒಳಗೆ ಒಂದು ಸಣ್ಣ ತಂತಿ ಬಿಟ್ಟು ಹೋಗಿರುತ್ತದೆ. ತಂತಿ ಇದ್ದ ಜಾಗದಲ್ಲಿ ಬೆಳ್ಳಗೆ ಒಂದು ಚುಕ್ಕೆ ಕಾಣುತ್ತದೆ. ಅದೇ ಬೆಸುಗೆ. ಆ ಬೆಸುಗೆ ಬಿಟ್ಟಿತು, ದೀಪ ಆರಿತು.

ಒಂದು ಬೆಸುಗೆ ಬಿಟ್ಟರೆ ನಾವು ಟಾರ್ಚನ್ನೇ ಎಸೆಯುತ್ತೇವೆ. ಇಲ್ಲವೇ ಪೇಟೆಗೆ ಕಳಿಸುತ್ತೇವೆ. ಹೋಗಿ ಬರುವ ಬಸ್ಸಿನ ಖರ್ಚು, ಅಂಗಡಿಯವರ ಕೂಲಿ, ಅರ್ಧ ದಿನದ ಕೆಲಸ. ಇಷ್ಟೆಲ್ಲ ಹೋಗುವುದು ಸಾಸಿವೆ ಕಾಳಿನಷ್ಟು ಬೆಸುಗೆಗಾಗಿ.

ಈ ಬೆಸುಗೆಯನ್ನು ಹೆಂಗಸರೂ ಹಾಕಬಹುದು. ಇದಕ್ಕೆ ತೋಳಿನ ಬಲ ಬೇಡ. ಕೈ ನಿಧಾನವಾಗಿರಬೇಕು, ಕಣ್ಣು ಚುರುಕಾಗಿರಬೇಕು. ಹೂವು ಕಟ್ಟುವ ಕೈ, ಕಸೂತಿ ಹಾಕುವ ಕೈ ಇದನ್ನು ಬೇಗ ಕಲಿಯುತ್ತದೆ. ಆದರೆ ಇದರಲ್ಲಿ ಒಂದು ಗುಟ್ಟಿದೆ. ಆ ಗುಟ್ಟು ತಿಳಿಯದೆ ಹಾಕಿದ ಬೆಸುಗೆ ನಿಲ್ಲುವುದಿಲ್ಲ. ಇವತ್ತಿನ ಪಾಠ ಆ ಗುಟ್ಟಿನದು.

ಬೆಸುಗೆ ಎಂದರೇನು?

ಬೆಸುಗೆ ಎಂದರೆ ಜೋಡಿಸುವುದು. ಅದರಲ್ಲಿ ಬೇರೆ ಬೇರೆ ಬಗೆ ಇದೆ.

ಕಬ್ಬಿಣದ ಗೇಟು ಮಾಡುವವರು ಕಣ್ಣು ಕೋರೈಸುವ ಕಿಡಿ ಹಾರಿಸುತ್ತಾರೆ. ಅದು ವೆಲ್ಡಿಂಗ್. ಅಲ್ಲಿ ಕಬ್ಬಿಣವೇ ಕರಗಿ ಒಂದಾಗುತ್ತದೆ.

ಟಾರ್ಚು, ರೇಡಿಯೋ, ಸೋಲಾರ್ ದೀಪದ ಒಳಗೆ ಇರುವುದು ಸೋಲ್ಡರಿಂಗ್. ಇಲ್ಲಿ ತಂತಿ ಕರಗುವುದಿಲ್ಲ. ಬೇರೊಂದು ಮೆತ್ತನೆ ಲೋಹ ಕರಗಿ ತಂತಿಗೆ ಅಂಟುತ್ತದೆ. ತಾಮ್ರ ಕರಗಲು ಸಾವಿರ ಡಿಗ್ರಿಗೂ ಹೆಚ್ಚು ಕಾವು ಬೇಕು. ಈ ಮೆತ್ತನೆ ಲೋಹ 190 ಡಿಗ್ರಿ ಆಗುವಷ್ಟರಲ್ಲಿ ನೀರಾಗುತ್ತದೆ. ಇದನ್ನು ಅಂಗಡಿಯಲ್ಲಿ ಸೋಲ್ಡರ್ ಎನ್ನುತ್ತಾರೆ. ದಾರದ ಹಾಗೆ ಸುತ್ತಿಟ್ಟು ಮಾರುತ್ತಾರೆ.

ಸೋಲ್ಡರಿನಲ್ಲಿ ಎರಡು ಲೋಹ ಇರುತ್ತವೆ. ಒಂದು ತವರ. ಇನ್ನೊಂದು ಸೀಸ. ಪೊಟ್ಟಣದ ಮೇಲೆ 60/40 ಎಂದು ಬರೆದಿರುತ್ತದೆ. ನೂರು ಪಾಲಿನಲ್ಲಿ 60 ಪಾಲು ತವರ, 40 ಪಾಲು ಸೀಸ ಎಂದು ಅದರ ಅರ್ಥ. ಸೀಸ ಇಲ್ಲದ ಸೋಲ್ಡರೂ ಸಿಗುತ್ತದೆ. ಅದು ಕರಗಲು ಸ್ವಲ್ಪ ಹೆಚ್ಚು ಕಾವು ಬೇಕು.

ಸೀಸದ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ. ಅದನ್ನು ಮರೆಯದೆ ಓದಿ.

ಕಲಾಯಿ ನೆನಪಿದೆಯೆ?

ಈಗ ಗುಟ್ಟಿನ ವಿಷಯಕ್ಕೆ ಬರೋಣ.

ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಕಲಾಯಿಯವರು ಬೀದಿ ಬದಿಯಲ್ಲಿ ಗುಂಡಿ ತೋಡುತ್ತಿದ್ದರು. ಇದ್ದಿಲು ಹಾಕಿ ತಿದಿ ಒತ್ತುತ್ತಿದ್ದರು. ಪಾತ್ರೆ ಚೆನ್ನಾಗಿ ಕಾದ ಮೇಲೆ ಒಂದು ಬಿಳಿ ಪುಡಿ ಎರಚುತ್ತಿದ್ದರು. ದಟ್ಟಗೆ ಬಿಳಿ ಹೊಗೆ ಏಳುತ್ತಿತ್ತು. ಮೂಗಿಗೆ ಘಾಟು ಹೊಡೆಯುತ್ತಿತ್ತು. ಆಮೇಲೆ ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಸರ್ರನೆ ಒರೆಸುತ್ತಿದ್ದರು. ಪಾತ್ರೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಆ ಬಿಳಿ ಪುಡಿ ಯಾವುದು? ನವಸಾಗರ.

ನವಸಾಗರ ಹಾಕದೆ ತವರ ಬಳಿದರೆ ಏನಾಗುತ್ತದೆ? ತವರ ಹತ್ತುವುದಿಲ್ಲ. ಗುಂಡು ಗುಂಡಾಗಿ ಉರುಳಿ ಹೋಗುತ್ತದೆ. ಕೆಸುವಿನ ಎಲೆ ಮೇಲೆ ನೀರು ಉರುಳುವುದಿಲ್ಲವೆ, ಹಾಗೆ.

ಯಾಕೆ ಹೀಗೆ? ಕಾರಣ ಕಿಲುಬು.

ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗಿ ಇಡಿ. ಕೆಲವು ದಿನ ಬಿಟ್ಟು ನೋಡಿ. ಕಪ್ಪಾಗಿರುತ್ತದೆ. ಗಾಳಿ ತಾಗಿ ತಾಮ್ರದ ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟುತ್ತದೆ. ಬಿಸಿ ಮಾಡಿದರೆ ಆ ಪೊರೆ ಇನ್ನೂ ಬೇಗ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ತೆಳ್ಳಗಿದ್ದರೂ ಅದು ತವರವನ್ನು ತಡೆಯುತ್ತದೆ.

ಗೋಡೆಗೆ ಸುಣ್ಣ ಬಳಿಯುವಾಗ ನಾವು ಏನು ಮಾಡುತ್ತೇವೆ? ಮೊದಲು ಧೂಳು ಹೊಡೆಯುತ್ತೇವೆ. ಹಳೆ ಸುಣ್ಣ ಕೆರೆಯುತ್ತೇವೆ. ಧೂಳಿನ ಮೇಲೆ ಬಳಿದ ಸುಣ್ಣ ಧೂಳಿಗೆ ಅಂಟುತ್ತದೆ, ಗೋಡೆಗೆ ಅಂಟುವುದಿಲ್ಲ. ನಾಲ್ಕು ದಿನಕ್ಕೆ ಹಕ್ಕಳೆ ಎದ್ದು ಬೀಳುತ್ತದೆ.

ಕಿಲುಬಿನ ಮೇಲೆ ಹಾಕಿದ ಬೆಸುಗೆಯೂ ಹಾಗೆಯೇ. ಕಿಲುಬಿಗೆ ಅಂಟಿಕೊಂಡ ಹಾಗೆ ಕಾಣುತ್ತದೆ. ತಂತಿಗೆ ಅಂಟಿರುವುದಿಲ್ಲ. ಸ್ವಲ್ಪ ಅಲುಗಿದರೆ ಬಿಟ್ಟು ಬರುತ್ತದೆ.

ಕಲಾಯಿಗೆ ನವಸಾಗರ ಹೇಗೋ, ತಂತಿಯ ಬೆಸುಗೆಗೆ ಪೇಸ್ಟ್ ಹಾಗೆ. ಈ ಪೇಸ್ಟನ್ನು ಫ್ಲಕ್ಸ್ ಎಂದೂ ಕರೆಯುತ್ತಾರೆ. ಚಪ್ಪಟೆ ಡಬ್ಬಿಯಲ್ಲಿ ಸಿಗುತ್ತದೆ. ನೋಡಲು ಮುಲಾಮಿನ ಹಾಗೆ ಇರುತ್ತದೆ.

ಪೇಸ್ಟು ಏನು ಮಾಡುತ್ತದೆ?

ಪೇಸ್ಟು ಮೂರು ಕೆಲಸ ಮಾಡುತ್ತದೆ.

ಒಂದು, ಕಾವು ತಾಗಿದೊಡನೆ ಕರಗಿ, ಲೋಹದ ಮೇಲಿನ ತೆಳ್ಳನೆ ಕಿಲುಬನ್ನು ತಿನ್ನುತ್ತದೆ.

ಎರಡು, ಲೋಹದ ಮೇಲೆ ಹರಡಿ ಗಾಳಿ ತಾಗದಂತೆ ಮುಚ್ಚುತ್ತದೆ. ಆಗ ಹೊಸ ಕಿಲುಬು ಕಟ್ಟುವುದಿಲ್ಲ.

ಮೂರು, ಕರಗಿದ ಸೋಲ್ಡರು ಗುಂಡಾಗಿ ನಿಲ್ಲದೆ ಎಳೆ ಎಳೆಯ ನಡುವೆ ಹರಿಯುವಂತೆ ಮಾಡುತ್ತದೆ.

ಪೇಸ್ಟು ಎಲ್ಲವನ್ನೂ ತೆಗೆಯುವುದಿಲ್ಲ. ಎಣ್ಣೆ, ಜಿಡ್ಡು, ಬಣ್ಣ, ದಪ್ಪ ತುಕ್ಕು ಇದ್ದರೆ ಪೇಸ್ಟಿನ ಆಟ ನಡೆಯದು. ಅದನ್ನು ನಾವೇ ಮೊದಲು ಕೆರೆದು, ಒರೆಸಿ ತೆಗೆಯಬೇಕು.

ಅಲ್ಯೂಮಿನಿಯಂ ಪಾತ್ರೆಗೂ ತಂತಿಗೂ ಈ ಸೋಲ್ಡರು, ಈ ಪೇಸ್ಟು ಹತ್ತುವುದಿಲ್ಲ. ಅಲ್ಯೂಮಿನಿಯಂ ಕೆರೆದ ಮರುಕ್ಷಣವೇ ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ. ಸುಮ್ಮನೆ ಕಷ್ಟಪಡಬೇಡಿ.

ಯಾವುದಕ್ಕೆ ಯಾವ ಪೇಸ್ಟು?

ಅಕ್ಕ ತಂಗಿಯ ಮಾತು ಕೇಳಿ.

ತಂಗಿ: ಅಕ್ಕಾ, ಪೇಸ್ಟು ಅಂದ್ರೆ ಎಲ್ಲಾ ಒಂದೇ ತಾನೆ? ಯಾವ್ದೋ ಒಂದು ತಂದ್ರೆ ಆಯ್ತು.

ಅಕ್ಕ: ಹಂಗಲ್ಲ ಕಣೇ. ಎಣ್ಣೆ ಅಂತ ಸೀಮೆಎಣ್ಣೇಲಿ ಒಗ್ಗರಣೆ ಹಾಕ್ತೀಯಾ?

ತಂಗಿ: ಅಯ್ಯೋ, ಬಿಡ್ತು ಅನ್ನು!

ಅಕ್ಕ: ಇದೂ ಹಂಗೇ. ತಂತಿಗೆ ಬೇರೆ, ತಗಡಿಗೆ ಬೇರೆ. ತಂತಿಗೆ ರಾಳದ್ದು ತರ್ಬೇಕು. ಪೈನ್ ಮರದ ಅಂಟಿಂದ ಬರೋ ರಾಳ. ಅದು ತಣ್ಣಗಾದ್ ಮೇಲೆ ಗಟ್ಟಿಯಾಗಿ ಸುಮ್ನೆ ಕೂತಿರುತ್ತೆ. ತಂತೀನ ತಿನ್ನಲ್ಲ.

ತಂಗಿ: ತಗಡಿಗೆ?

ಅಕ್ಕ: ತಗಡಿನ ಡಬ್ಬ, ಕೊಳವೆ ಬೆಸೆಯೋರು ಆಸಿಡ್ ಬಳಿತಾರೆ. ಸತುವಿನ ಚೂರು ಹಾಕಿ ತಣಿಸಿದ ಆಸಿಡ್ ಅದು. ಬಲು ಜೋರು. ಬೆಸೆದ ಮೇಲೆ ನೀರಲ್ಲಿ ಚೆನ್ನಾಗಿ ತೊಳೀತಾರೆ. ಡಬ್ಬ ತೊಳೀಬಹುದು. ಟಾರ್ಚಿನ ಒಳಗಿನ ತಂತಿ ತೊಳೆಯೋಕಾಗುತ್ತಾ?

ತಂಗಿ: ಇಲ್ಲ.

ಅಕ್ಕ: ತೊಳೀದೆ ಬಿಟ್ರೆ ಆ ಆಸಿಡ್ ಅಲ್ಲೇ ಕೂತು ತಂತೀನ ತಿಂತಾ ಹೋಗುತ್ತೆ. ಮೊದ್ಲು ಹಸಿರಾಗುತ್ತೆ. ಆಮೇಲೆ ತೆಳ್ಳಗಾಗುತ್ತೆ. ಒಂದಿನ ತುಂಡಾಗುತ್ತೆ. ಬೆಸುಗೆ ಹಾಕ್ದೋರ ಹೆಸರು ಕೆಡುತ್ತೆ.

ತಂಗಿ: ಅಂಗಡೀಲಿ ಡಬ್ಬಿ ಮೇಲೆ ಇಂಗ್ಲೀಷಲ್ಲಿ ಬರೆದಿರುತ್ತಲ್ಲಕ್ಕ. ನಂಗೆ ಕನ್ನಡ ಅಷ್ಟೇ ಓದೋಕೆ ಬರೋದು.

ಅಕ್ಕ: ಅಂಗಡಿಯವ್ರನ್ನ ಬಾಯಿ ಬಿಟ್ಟು ಕೇಳು. "ಇದು ರಾಳದ್ದಾ, ಆಸಿಡ್ದಾ? ತಂತಿಗೆ ಹಾಕೋದಾ?" ಅಂತ ಕೇಳು. ರೋಸಿನ್ ಅಂದ್ರೂ ರಾಳಾನೇ. ಮನೆಗೆ ಬಂದು ಒಂದು ಚೀಟೀಲಿ ಕನ್ನಡದಲ್ಲಿ ದೊಡ್ಡದಾಗಿ ಬರಿ. "ತಂತಿಗೆ ಮಾತ್ರ" ಅಂತ. ಡಬ್ಬಿಗೆ ಅಂಟಿಸು. ನಿಂಗೂ ಗೊತ್ತಾಗುತ್ತೆ, ಮನೆಯವ್ರಿಗೂ ಗೊತ್ತಾಗುತ್ತೆ.

ತಂಗಿ: ಅಕ್ಷರ ಕಲ್ತಿದ್ದು ಇಲ್ಲಿಗೂ ಬಂತಲ್ಲಕ್ಕ!

ಅಕ್ಕ ಹೇಳಿದ್ದು ಸರಿ. ಇನ್ನೊಂದು ಬಗೆಯೂ ಇದೆ. ಅಕ್ಕಸಾಲಿಗರು ಚಿನ್ನ ಬೆಳ್ಳಿ ಬೆಸೆಯುವಾಗ ಬಿಳಿಗಾರ ಹಚ್ಚುತ್ತಾರೆ. ಅಲ್ಲಿ ಕಾವು ಬಹಳ ಹೆಚ್ಚು. ಅಷ್ಟು ಕಾವಿಗೆ ರಾಳ ಸುಟ್ಟು ಹೋಗುತ್ತದೆ. ಬಿಳಿಗಾರ ತಡೆಯುತ್ತದೆ.

ಹೀಗೆ ಕಲಾಯಿಗೆ ನವಸಾಗರ. ಚಿನ್ನಕ್ಕೆ ಬಿಳಿಗಾರ. ತಗಡಿಗೆ ಆಸಿಡ್. ತಂತಿಗೆ ರಾಳ. ಹೆಸರು ಬೇರೆ, ಕೆಲಸ ಒಂದೇ. ಕಿಲುಬು ತೆಗೆಯುವುದು.

ಹೂರಣದ ಸೋಲ್ಡರು

ಈಗ ಸಿಗುವ ಸೋಲ್ಡರು ತಂತಿಯಲ್ಲಿ ಒಂದು ಅನುಕೂಲ ಇದೆ. ಅದರ ಒಳಗೆ ಟೊಳ್ಳಿರುತ್ತದೆ. ಆ ಟೊಳ್ಳಿನಲ್ಲಿ ರಾಳ ತುಂಬಿರುತ್ತಾರೆ. ಕಡುಬಿನ ಒಳಗೆ ಹೂರಣ ಇದ್ದ ಹಾಗೆ. ಸೋಲ್ಡರು ಕರಗುವಾಗ ರಾಳವೂ ಹರಿದು ಬರುತ್ತದೆ.

ಹೊಸ ತಂತಿಗೆ ಈ ಹೂರಣವೇ ಸಾಕು. ಹಳೆ ತಂತಿ, ಕಪ್ಪಾದ ತಂತಿ, ದಪ್ಪ ತಂತಿಗೆ ಮಾತ್ರ ಮೇಲೆ ಪೇಸ್ಟು ಬೇಕು. ಅದೂ ಸಾಸಿವೆ ಕಾಳಿನಷ್ಟು.

ಹೆಚ್ಚು ಹಚ್ಚಿದರೆ ಬೆಸುಗೆ ಗಟ್ಟಿಯಾಗುವುದಿಲ್ಲ. ಹೊಗೆ ಹೆಚ್ಚಾಗುತ್ತದೆ. ಪೇಸ್ಟು ಸುತ್ತಮುತ್ತ ಹರಡುತ್ತದೆ. ಅದಕ್ಕೆ ಧೂಳು ಮೆತ್ತುತ್ತದೆ. ಸಾರಿಗೆ ಉಪ್ಪು ಹಾಕುವ ಹಾಗೆ ಹದವಾಗಿ ಹಾಕಬೇಕು.

ಬೆಸುಗೆ ಹಾಕುವ ಕ್ರಮ

ಟಾರ್ಚಿನ ತಂತಿ ಬಿಟ್ಟಿದೆ ಎಂದುಕೊಳ್ಳಿ. ಮೊದಲ ಕೆಲವು ಸಲ ಕಲಿತವರು ಪಕ್ಕದಲ್ಲಿ ಇರಲಿ. ಬಿಸಾಡಿದ ತಂತಿ ತುಂಡುಗಳ ಮೇಲೆ ಅಭ್ಯಾಸ ಮಾಡಿ.

ಬೇಕಾದ ಸಾಮಾನು: 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿ, ಅದನ್ನು ಇಡಲು ಸ್ಟ್ಯಾಂಡು, ಸೋಲ್ಡರು ತಂತಿ, ರಾಳದ ಪೇಸ್ಟು, ಉಪ್ಪುಕಾಗದ, ಇಕ್ಕಳ, ಒದ್ದೆ ಬಟ್ಟೆ, ಟೇಪು.

1. ಟಾರ್ಚಿನ ಸೆಲ್ಲು ಹೊರಗೆ ತೆಗೆಯಿರಿ. ಚಾರ್ಜಿಗೆ ಹಾಕಿದ್ದರೆ ಪ್ಲಗ್ಗಿನಿಂದ ಬಿಡಿಸಿ.

2. ಕೆಂಪು ತಂತಿ ಎಲ್ಲಿತ್ತು, ಕಪ್ಪು ತಂತಿ ಎಲ್ಲಿತ್ತು ನೋಡಿ. ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅದಲು ಬದಲು ಆದರೆ ದೀಪ ಹತ್ತದು, ಕೆಟ್ಟೂ ಹೋಗಬಹುದು.

3. ತಂತಿಯ ತುದಿಯ ಪ್ಲಾಸ್ಟಿಕ್ಕನ್ನು ಬೆರಳಿನ ಉಗುರಿನಷ್ಟು ಉದ್ದ ಬಿಡಿಸಿ. ಒಳಗಿನ ಎಳೆ ಕಪ್ಪಾಗಿದ್ದರೆ ಉಪ್ಪುಕಾಗದದಿಂದ ತಿಕ್ಕಿ. ಹೊಳಪು ಬರಬೇಕು. ಆಮೇಲೆ ಬತ್ತಿ ಹೊಸೆದ ಹಾಗೆ ಎಳೆಗಳನ್ನು ಹೊಸೆಯಿರಿ.

4. ಕಡ್ಡಿಯನ್ನು ಪ್ಲಗ್ಗಿಗೆ ಹಾಕಿ, ಸ್ಟ್ಯಾಂಡಿನಲ್ಲಿಟ್ಟು ಕಾಯಲು ಬಿಡಿ. ಅದರ ತುದಿ 300 ಡಿಗ್ರಿಗೂ ಹೆಚ್ಚು ಕಾಯುತ್ತದೆ. ಕೆಂಪಾಗುವುದಿಲ್ಲ. ಆದ್ದರಿಂದ ನೋಡಿದರೆ ಕಾದದ್ದು ಗೊತ್ತಾಗುವುದಿಲ್ಲ. ಮುಟ್ಟಿ ನೋಡಬೇಡಿ.

5. ಕಾದ ತುದಿಯನ್ನು ಒದ್ದೆ ಬಟ್ಟೆಗೆ ಒಮ್ಮೆ ಒರೆಸಿ. ಸ್ವಲ್ಪ ಸೋಲ್ಡರು ತಾಗಿಸಿ. ತುದಿ ಬೆಳ್ಳಗೆ ಹೊಳೆಯಬೇಕು. ಅರದಿಂದ ಉಜ್ಜಬೇಡಿ. ಉಜ್ಜಿದರೆ ತುದಿಯ ಲೇಪ ಹೋಗಿ ಕಡ್ಡಿ ಕೆಡುತ್ತದೆ.

6. ತಂತಿಯ ತುದಿಗೆ ಸಾಸಿವೆ ಕಾಳಿನಷ್ಟು ಪೇಸ್ಟು ಹಚ್ಚಿ. ಬೆಂಕಿಕಡ್ಡಿಯಿಂದ ಹಚ್ಚಿ, ಬೆರಳಿನಿಂದ ಬೇಡ.

7. ತಂತಿಯನ್ನು ಅದರ ಜಾಗದಲ್ಲಿ ಇಕ್ಕಳದಿಂದ ಹಿಡಿಯಿರಿ. ಕಾದ ಕಡ್ಡಿಯನ್ನು ತಂತಿಗೂ ಜಾಗಕ್ಕೂ ಒಟ್ಟಿಗೆ ತಾಗಿಸಿ.

8. ಪೇಸ್ಟು ಕರಗಿ ಹರಡುತ್ತದೆ. ಆಗ ಸೋಲ್ಡರನ್ನು ತಂತಿಗೆ ತಾಗಿಸಿ. ಕಡ್ಡಿಗೆ ತಾಗಿಸಬೇಡಿ. ತಂತಿ ಚೆನ್ನಾಗಿ ಕಾದಿದ್ದರೆ ಸೋಲ್ಡರು ತಾನಾಗಿ ಹರಿದು ಎಳೆಗಳ ನಡುವೆ ಇಳಿಯುತ್ತದೆ. ಇದೆಲ್ಲ ಎರಡು ಮೂರು ಸೆಕೆಂಡಿನ ಕೆಲಸ.

9. ಮೊದಲು ಸೋಲ್ಡರು ತೆಗೆಯಿರಿ. ಆಮೇಲೆ ಕಡ್ಡಿ ತೆಗೆಯಿರಿ. ಬೆಸುಗೆ ಗಟ್ಟಿಯಾಗುವ ತನಕ ತಂತಿ ಅಲುಗಿಸಬೇಡಿ. ಊದಬೇಡಿ.

10. ತಣ್ಣಗಾದ ಮೇಲೆ ಮೆಲ್ಲಗೆ ಎಳೆದು ನೋಡಿ. ಮಿಕ್ಕ ಪೇಸ್ಟನ್ನು ಬಟ್ಟೆಯಿಂದ ಒರೆಸಿ. ಬರಿ ತಂತಿ ಕಾಣುತ್ತಿದ್ದರೆ ಟೇಪು ಸುತ್ತಿ.

ಒಳ್ಳೆ ಬೆಸುಗೆಯ ಗುರುತು

ಒಳ್ಳೆ ಬೆಸುಗೆ ತಂತಿಯ ಸುತ್ತ ಇಳಿಜಾರಾಗಿ ಹರಡಿರುತ್ತದೆ. ಸೀಸ ಇರುವ ಸೋಲ್ಡರಾದರೆ ನುಣ್ಣಗೆ ಹೊಳೆಯುತ್ತದೆ. ಸೀಸ ಇಲ್ಲದ್ದು ಸ್ವಲ್ಪ ಮಂಕಾಗಿರುತ್ತದೆ. ಅದು ದೋಷವಲ್ಲ.

ಕೆಟ್ಟ ಬೆಸುಗೆ ಗುಂಡಗೆ ಕೂತಿರುತ್ತದೆ. ಬಿರುಕು ಕಾಣುತ್ತದೆ. ಉಗುರಿನಿಂದ ಮೀಟಿದರೆ ಎದ್ದು ಬರುತ್ತದೆ. ಇದಕ್ಕೆ ಎರಡು ಕಾರಣ. ಕಿಲುಬು ಹೋಗಿಲ್ಲ. ಇಲ್ಲವೇ ಕಾವು ಸಾಲದು. ಅದರ ಮೇಲೆ ಇನ್ನಷ್ಟು ಸೋಲ್ಡರು ಸುರಿದರೆ ಪ್ರಯೋಜನವಿಲ್ಲ. ತೆಗೆದು, ಶುಚಿ ಮಾಡಿ, ಪೇಸ್ಟು ಹಚ್ಚಿ ಮತ್ತೆ ಹಾಕಬೇಕು.

ಕೆಟ್ಟ ಬೆಸುಗೆ ಮೋಸಗಾರ. ಮೊದಲ ದಿನ ದೀಪ ಹತ್ತುತ್ತದೆ. ಆಮೇಲೆ ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ. ರಾತ್ರಿ ಹೊರಗೆ ಹೋದಾಗ, ಹಾವು ಚೇಳು ಇರುವ ಕಡೆ ಕೈಕೊಡುತ್ತದೆ. ಅದಕ್ಕೇ ಶುಚಿ ಮುಖ್ಯ.

ಸೀಸ ವಿಷ. ಮರೆಯಬೇಡಿ

ಅಕ್ಕಂದಿರೇ, ಈ ಭಾಗವನ್ನು ಎರಡು ಸಲ ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಸೋಲ್ಡರಿನಲ್ಲಿರುವ ಸೀಸ ವಿಷ. ಕೈಗೆ ಅಂಟಿದ ಸೀಸ ಬಾಯಿಗೆ ಹೋದರೆ ಮೈಯಲ್ಲಿ ಸೇರಿಕೊಳ್ಳುತ್ತದೆ. ಮಕ್ಕಳ ಮಿದುಳಿಗೆ ಇದು ಬಹಳ ಕೆಟ್ಟದ್ದು. ಮಗುವಿನ ಕಲಿಕೆ ಕುಂದುತ್ತದೆ. ಬಸುರಿಯ ಹೊಟ್ಟೆಯೊಳಗಿನ ಮಗುವಿಗೂ ಕೇಡು ಮುಟ್ಟುತ್ತದೆ. ಇಷ್ಟು ಸೀಸ ಹೋದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕಾಗಿಯೇ ಯುರೋಪಿನ ದೇಶಗಳು 2006ರಿಂದ ಹೆಚ್ಚಿನ ವಿದ್ಯುತ್ ಸಾಮಾನುಗಳ ಸೋಲ್ಡರಿನಲ್ಲಿ ಸೀಸ ಬಳಸುವುದನ್ನು ತಡೆದವು.

ಆದ್ದರಿಂದ ಹೀಗೆ ಮಾಡಿ.

ಅಡುಗೆಮನೆಯಲ್ಲಿ ಬೆಸುಗೆ ಕೆಲಸ ಬೇಡ. ಊಟದ ತಟ್ಟೆ, ಲೋಟವನ್ನು ಈ ಕೆಲಸಕ್ಕೆ ಬಳಸಬೇಡಿ.

ಸೋಲ್ಡರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಡಿ. ಕೆಲಸದ ನಡುವೆ ಎಲೆ ಅಡಿಕೆ, ಕಾಫಿ, ತಿಂಡಿ ಬೇಡ.

ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಆಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ಆಮೇಲೆಯೇ ಹಿಟ್ಟು ಕಲಸಿ.

ಕೆಳಗೆ ಬಿದ್ದ ಸೋಲ್ಡರಿನ ಚೂರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಅಂಬೆಗಾಲಿಡುವ ಮಗು ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ.

ಬಸುರಿಯರು, ಮೊಲೆಯೂಡಿಸುವ ತಾಯಂದಿರು ಸೀಸದ ಸೋಲ್ಡರು ಮುಟ್ಟದಿರುವುದು ಒಳ್ಳೆಯದು. ಸಿಕ್ಕಿದರೆ ಸೀಸ ಇಲ್ಲದ್ದನ್ನೇ ಕೊಳ್ಳಿ.

ಇನ್ನೊಂದು ಮಾತು. ನೀರಿನ ಕೊಡ ತೂತಾಯಿತು, ಅಡುಗೆ ಪಾತ್ರೆ ಸೋರುತ್ತದೆ ಎಂದು ಈ ಸೋಲ್ಡರು ಹಾಕಬೇಡಿ. ಹುಳಿ ಸಾರು, ಹುಣಸೆ ರಸ ತಾಗಿದರೆ ಸೀಸ ಕರಗಿ ಊಟಕ್ಕೆ ಸೇರುತ್ತದೆ. ಕಲಾಯಿ ಹಾಕಿಸುವಾಗಲೂ ಶುದ್ಧ ತವರವನ್ನೇ ಹಾಕಿ ಎಂದು ಹೇಳಿ. ಸೀಸ ಬೆರೆಸಿದ ಕಲಾಯಿ ಬೇಡ.

ಹೊಗೆ, ಬೆಂಕಿ, ಕರೆಂಟು

ರಾಳ ಸುಡುವಾಗ ಹೊಗೆ ಬರುತ್ತದೆ. ವಾಸನೆ ಹಿತವಾಗಿರಬಹುದು. ಆದರೆ ದಿನವೂ ಕುಡಿದರೆ ಕೆಮ್ಮು, ಉಬ್ಬಸ ಬರುತ್ತದೆ. ಕಿಟಕಿ ತೆರೆದು ಕೂರಿ. ಹೊಗೆ ಮುಖಕ್ಕೆ ಬಾರದ ಹಾಗೆ ಕೂರಿ. ಉಬ್ಬಸ ಇದ್ದವರು ಈ ಕೆಲಸ ಮಾಡಬಾರದು.

ಪೇಸ್ಟು ಕಾದಾಗ ಚಟ್ ಎಂದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಸೆರಗು ಸಿಕ್ಕಿಸಿಕೊಳ್ಳಿ. ಜಡೆ ಕಟ್ಟಿಕೊಳ್ಳಿ.

ಕೈ ಸುಟ್ಟರೆ ತಣ್ಣೀರು ಹರಿಯುವ ಕಡೆ 20 ನಿಮಿಷ ಹಿಡಿಯಿರಿ. ತುಪ್ಪ, ಟೂತ್‌ಪೇಸ್ಟು, ಶಾಯಿ ಹಚ್ಚಬೇಡಿ. ಗಾಯ ದೊಡ್ಡದಾದರೆ ಆಸ್ಪತ್ರೆಗೆ ಹೋಗಿ.

ಈಗಿನ ಹಲವು ಟಾರ್ಚು, ಸೋಲಾರ್ ದೀಪ, ಮೊಬೈಲಿನಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಕಾದ ಕಡ್ಡಿಯನ್ನು ಆ ಬ್ಯಾಟರಿಯ ಮೈಗೆ ತಾಗಿಸಬಾರದು. ಬ್ಯಾಟರಿ ಹೊತ್ತಿ ಉರಿಯಬಹುದು. ಉಬ್ಬಿದ ಬ್ಯಾಟರಿಯನ್ನು ಮುಟ್ಟಲೇಬೇಡಿ.

ಮನೆ ಗೋಡೆಯ ಕರೆಂಟಿನ ತಂತಿಗೆ ಬೆಸುಗೆ ಹಾಕಲು ಹೋಗಬೇಡಿ. ಅದು 230 ವೋಲ್ಟು. ಜೀವ ತೆಗೆಯುತ್ತದೆ. ಅದನ್ನು ಬಲ್ಲ ಎಲೆಕ್ಟ್ರಿಷಿಯನ್ ಮಾಡಲಿ. ನಾವು ಕಲಿಯುವುದು ಸೆಲ್ಲಿನಿಂದ ನಡೆಯುವ ಸಣ್ಣ ಸಾಮಾನಿನ ಕೆಲಸ.

ಹೆಂಗಸರು ಮಾಡಿದ್ದಾರೆ

ಇದು ಗಂಡಸರ ಕೆಲಸ ಎನ್ನುವವರು ಇದ್ದಾರೆ. ಅವರಿಗೆ ತಿಲೋನಿಯಾದ ವಿಷಯ ಹೇಳಿ.

ತಿಲೋನಿಯಾ ರಾಜಸ್ಥಾನದ ಒಂದು ಹಳ್ಳಿ. ಅಲ್ಲಿ 1972ರಲ್ಲಿ ಒಂದು ಸಂಸ್ಥೆ ಶುರುವಾಯಿತು. ಅದರ ಹೆಸರು ಬೇರ್‌ಫುಟ್ ಕಾಲೇಜ್. ಬರಿಗಾಲಿನ ಕಾಲೇಜು ಎಂದು ಅರ್ಥ. ಶಾಲೆಯ ಮೆಟ್ಟಿಲು ಹತ್ತದ ಹಳ್ಳಿ ಹೆಂಗಸರು ಅಲ್ಲಿ ಸೋಲಾರ್ ದೀಪ ಜೋಡಿಸಲು ಕಲಿತರು. ಆಫ್ರಿಕಾದ ಹಳ್ಳಿಗಳಿಂದಲೂ ಹೆಂಗಸರು ಬಂದು ಕಲಿತರು. ಅವರಲ್ಲಿ ಅಜ್ಜಿಯರೂ ಇದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ತಂತಿಯ ಬಣ್ಣ ನೋಡಿ, ಕೈಸನ್ನೆ ನೋಡಿ, ಮಾಡಿ ಮಾಡಿ ಕಲಿತರು. ಸೋಲ್ಡರಿಂಗ್ ಕಡ್ಡಿ ಹಿಡಿದರು. ತಮ್ಮ ಊರಿಗೆ ಹೋಗಿ ಮನೆ ಮನೆಗೆ ದೀಪ ಹಚ್ಚಿದರು.

ಅಕ್ಷರ ಬಾರದ ಅಜ್ಜಿಯರು ಕಲಿತರು. ನಮಗೆ ಈಗ ಅಕ್ಷರವೂ ಇದೆ. ಡಬ್ಬಿಗೆ ಚೀಟಿ ಅಂಟಿಸಬಲ್ಲೆವು. ಯಾರ ಟಾರ್ಚು, ಏನು ಕೆಲಸ, ಎಷ್ಟು ಕೂಲಿ ಎಂದು ಪುಸ್ತಕದಲ್ಲಿ ಬರೆಯಬಲ್ಲೆವು. ಸ್ತ್ರೀಶಕ್ತಿ ಸಂಘದ ಹತ್ತು ಜನ ಸೇರಿ ಒಂದು ಕಡ್ಡಿ, ಒಂದು ಡಬ್ಬಿ ಪೇಸ್ಟು ಕೊಂಡರೆ ಊರಿನ ಟಾರ್ಚು ಊರಲ್ಲೇ ರಿಪೇರಿಯಾಗುತ್ತದೆ.

ನೆನಪಿಡಿ

ಮೊದಲು ಶುಚಿ, ಆಮೇಲೆ ಪೇಸ್ಟು, ಆಮೇಲೆ ಕಾವು, ಕೊನೆಗೆ ಸೋಲ್ಡರು.

ತಂತಿಗೆ ರಾಳದ ಪೇಸ್ಟು. ಆಸಿಡ್ ಬೇಡ.

ಪೇಸ್ಟು ಸಾಸಿವೆ ಕಾಳಿನಷ್ಟು ಸಾಕು.

ಕೈ ತೊಳೆಯದೆ ಊಟವಿಲ್ಲ, ಮಗುವನ್ನು ಎತ್ತುವುದಿಲ್ಲ.

ಹೊಸ ಪದಗಳು

ಕಿಲುಬು: ಗಾಳಿ, ನೀರು ತಾಗಿ ತಾಮ್ರ ಹಿತ್ತಾಳೆಯ ಮೇಲೆ ಕಟ್ಟುವ ಪೊರೆ.

ರಾಳ: ಪೈನ್ ಮರದ ಅಂಟಿನಿಂದ ಬರುವ ಗಟ್ಟಿ ವಸ್ತು.

ತವರ: ಕಲಾಯಿಗೆ ಬಳಸುವ ಬಿಳಿ ಲೋಹ.

ಸೀಸ: ಮೆತ್ತನೆಯ, ಭಾರವಾದ, ವಿಷದ ಲೋಹ.

ಸರಿಯೋ ತಪ್ಪೋ ಬರೆಯಿರಿ

1. ಕಿಲುಬಿನ ಮೇಲೆ ಬೆಸುಗೆ ಗಟ್ಟಿಯಾಗಿ ನಿಲ್ಲುತ್ತದೆ.

2. ಟಾರ್ಚಿನ ತಂತಿಗೆ ಆಸಿಡ್ ಹಚ್ಚಬೇಕು.

3. ಸೋಲ್ಡರನ್ನು ಕಾದ ತಂತಿಗೆ ತಾಗಿಸಬೇಕು.

4. ತೂತಾದ ಅಡುಗೆ ಪಾತ್ರೆಗೆ ಸೀಸದ ಸೋಲ್ಡರು ಹಾಕಬಹುದು.

ಬಿಟ್ಟ ಜಾಗ ತುಂಬಿ

1. ಕಲಾಯಿ ಹಾಕುವಾಗ ಎರಚುವ ಬಿಳಿ ಪುಡಿ ............

2. ಅಕ್ಕಸಾಲಿಗರು ಹಚ್ಚುವುದು ............

3. ಕೈ ಸುಟ್ಟರೆ ............ ನಿಮಿಷ ತಣ್ಣೀರಿನಲ್ಲಿ ಹಿಡಿಯಬೇಕು.

ಲೆಕ್ಕ ಮಾಡಿ

1. 60/40 ಸೋಲ್ಡರು 50 ಗ್ರಾಂ ಇದೆ. ಅದರಲ್ಲಿ ತವರ ಎಷ್ಟು ಗ್ರಾಂ? ಸೀಸ ಎಷ್ಟು ಗ್ರಾಂ?

2. ಕಡ್ಡಿಗೆ 300 ರೂಪಾಯಿ, ಸೋಲ್ಡರಿಗೆ 150 ರೂಪಾಯಿ, ಪೇಸ್ಟಿಗೆ 50 ರೂಪಾಯಿ ಎಂದು ಇಟ್ಟುಕೊಳ್ಳಿ. ಒಟ್ಟು ಖರ್ಚು ಎಷ್ಟು? ಒಂದು ರಿಪೇರಿಗೆ 25 ರೂಪಾಯಿ ಕೂಲಿ ಬಂದರೆ, ಹಾಕಿದ ದುಡ್ಡು ಮರಳಲು ಎಷ್ಟು ರಿಪೇರಿ ಮಾಡಬೇಕು?

ನೀವೇ ಬರೆಯಿರಿ

ನಿಮ್ಮ ಮನೆಯಲ್ಲಿ ಕೆಟ್ಟು ಕೂತಿರುವ ಸಾಮಾನು ಯಾವುವು? ಪಟ್ಟಿ ಮಾಡಿ. ಅದರಲ್ಲಿ ತಂತಿ ಬಿಟ್ಟಿರುವುದು ಯಾವುದು, ನೋಡಿ ಗುರುತು ಹಾಕಿ.

ಪೇಸ್ಟಿನ ಡಬ್ಬಿಗೆ ಅಂಟಿಸಲು ಒಂದು ಚೀಟಿ ಬರೆಯಿರಿ. ದೂರದಿಂದಲೂ ಓದಲು ಬರುವಂತೆ ಅಕ್ಷರ ದೊಡ್ಡದಾಗಿರಲಿ.